ಯಕೃತ್ತಿಗೆ ಹರಡಿದ ಕ್ಯಾನ್ಸರ್: ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು?

ಪ್ರಶ್ನೆ: ನಮ್ಮ ತಂದೆಯವರಿಗೆ 63 ವರ್ಷ. ಎರಡು ವರ್ಷಗಳ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆಗ ತೆಗೆದ ದುಗ್ಧರಸ ಗ್ರಂಥಿಗಳಲ್ಲಿ ಎರಡಕ್ಕೆ ಕ್ಯಾನ್ಸರ್ ತಗುಲಿತ್ತು. ಈಚೆಗೆ ಯಕೃತ್ತಿನಲ್ಲಿ ಮೂರು ಗಡ್ಡೆಗಳು ಕಾಣಿಸಿಕೊಂಡವು. ಎರಡು ಬಲಭಾಗದಲ್ಲಿವೆ, ಒಂದು ಸಣ್ಣದು ಎಡಭಾಗದಲ್ಲಿದೆ. ಬಲಗಡೆಯ ದೊಡ್ಡ ಗಡ್ಡೆ ಮೂರೂವರೆ ಸೆಂಟಿಮೀಟರ್ ಇದ್ದು, ಒಂದು ಮುಖ್ಯ ರಕ್ತನಾಳಕ್ಕೆ ತಾಗಿಕೊಂಡಿದೆಯಂತೆ. ಆರು ಸುತ್ತು ಕೀಮೋಥೆರಪಿ ಮುಗಿದಿದ್ದು, ಗಡ್ಡೆಗಳು ಕುಗ್ಗಿವೆ. ಒಬ್ಬ ಸರ್ಜನ್ ಬಲ ಅರ್ಧವನ್ನೇ ಪೂರ್ತಿ ತೆಗೆದುಬಿಡೋಣ ಎನ್ನುತ್ತಾರೆ. ಇನ್ನೊಬ್ಬರು ಗಡ್ಡೆಗಳನ್ನಷ್ಟೇ ಬಿಡಿಸಿ ತೆಗೆದರೆ ಸಾಕು, ಆದರೆ ರಕ್ತನಾಳದ ಕಡೆ ಅಂಚು ಬಹಳ ತೆಳುವಾಗಿರುತ್ತದೆ ಎನ್ನುತ್ತಾರೆ. ಕತ್ತಿ ತಗುಲಿದರೆ ಕ್ಯಾನ್ಸರ್ ಕೆರಳುತ್ತದೆ, ಇದ್ದಷ್ಟು ದಿನ ಹೀಗೇ ಇರಲಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಯಾರ ಮಾತು ಸರಿ? ಸಣ್ಣ ರಂಧ್ರಗಳ ಮೂಲಕ ಮಾಡಿಸಬಹುದೇ? ರಕ್ತ ಎಷ್ಟು ಬೇಕಾಗುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಎಲ್ಲದರ ಬುಡದಲ್ಲಿರುವ ಆತಂಕ ಒಂದೇ: ಕಡಿಮೆ ತೆಗೆದರೆ ಕ್ಯಾನ್ಸರ್ ಉಳಿದೀತೇ, ಹೆಚ್ಚು ತೆಗೆದರೆ ತಂದೆಯವರು ಉಳಿದಾರೇ? ಯಕೃತ್ತಿನ ಶಸ್ತ್ರಚಿಕಿತ್ಸೆಯ ಇಡೀ ವಿದ್ಯೆ ಈ ಎರಡು ಭಯಗಳ ನಡುವೆಯೇ ಬೆಳೆದುಬಂದಿದೆ. ಆದ್ದರಿಂದ ಇಬ್ಬರು ಸರ್ಜನ್‌ಗಳು ಎರಡು ಮಾತು ಹೇಳಿದ್ದನ್ನು ಕಂಡು ಗಾಬರಿಯಾಗಬೇಡಿ. ಇಬ್ಬರೂ ಒಂದೇ ತಕ್ಕಡಿಯನ್ನು ಹಿಡಿದಿದ್ದಾರೆ. ಯಾವ ತಟ್ಟೆಗೆ ಎಷ್ಟು ತೂಕ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಮೊದಲು ಬಂಧುಗಳ ಮಾತನ್ನು ತೆಗೆದುಕೊಳ್ಳೋಣ. ಹಿಂದೆ ಸ್ಕ್ಯಾನ್‌ಗಳು ಇಲ್ಲದಿದ್ದ ಕಾಲದಲ್ಲಿ ಹೊಟ್ಟೆ ತೆರೆದ ಮೇಲೆಯೇ ರೋಗ ಎಷ್ಟು ಹರಡಿದೆ ಎಂಬುದು ತಿಳಿಯುತ್ತಿತ್ತು. ತೆರೆದು ಹಾಗೆಯೇ ಮುಚ್ಚಿದ ರೋಗಿ ಕೆಲವೇ ತಿಂಗಳಲ್ಲಿ ತೀರಿಕೊಂಡಾಗ ಮನೆಯವರಿಗೆ ಕಂಡದ್ದು ಕತ್ತಿ ಮತ್ತು ಸಾವು ಇವೆರಡೇ. ಕತ್ತಿ ತಗುಲಿದರೆ ಕೆರಳುತ್ತದೆ ಎಂಬ ನಂಬಿಕೆ ಅಲ್ಲಿಂದ ಬಂದಿರಬೇಕೆಂದು ನನ್ನ ಊಹೆ. ವಾಸ್ತವವೆಂದರೆ, ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಮಾತ್ರ ಹರಡಿದ್ದು, ಅದನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಐದು ವರ್ಷಗಳ ನಂತರವೂ ಬದುಕಿರುತ್ತಾರೆ, ಐದರಲ್ಲಿ ಒಬ್ಬರು ಹತ್ತು ವರ್ಷ ದಾಟುತ್ತಾರೆ. ಕೇವಲ ಔಷಧಿಯಿಂದ ಐದು ವರ್ಷ ದಾಟುವವರು ಇದಕ್ಕಿಂತ ಬಹಳ ಕಡಿಮೆ. ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ನಾನು ಮುಚ್ಚಿಡುವುದಿಲ್ಲ: ಹೀಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕ್ಯಾನ್ಸರ್ ಎಲ್ಲಾದರೂ ಮರಳಿ ಬರುತ್ತದೆ. ಅದನ್ನು ಕತ್ತಿ ತಂದದ್ದಲ್ಲ. ಯಾವ ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಕಣಗಳು ಮೊದಲೇ ಅಲ್ಲಿ ಕೂತಿರುತ್ತವೆ. ಈ ಎರಡನೆಯ ಸತ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಏಕೆಂದರೆ ಎಷ್ಟು ತೆಗೆಯಬೇಕು ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಅದರಿಂದಲೇ ಹೊರಡುತ್ತದೆ.

ಕರುಳಿನಿಂದ ಹೊರಟ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಯಕೃತ್ತನ್ನೇ ಸೇರುತ್ತದೆ. ಆದ್ದರಿಂದಲೇ ಕರುಳಿನಿಂದ ಕಳಚಿಕೊಂಡ ಕ್ಯಾನ್ಸರ್ ಕಣಗಳು ಹೆಚ್ಚಾಗಿ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಮಟ್ಟಿಗೆ ಯಕೃತ್ತು ಒಂದು ಜರಡಿ, ಮತ್ತು ಜರಡಿಯನ್ನು ದಾಟಿ ರೋಗ ಮುಂದೆ ಹೋಗದೇ ಇದ್ದಾಗ ಮಾತ್ರ ನಮ್ಮ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ರೋಗ ಎಷ್ಟು ಉಗ್ರವಾದುದು ಎಂಬುದನ್ನು ಅಂದಾಜು ಮಾಡಲು 1999ರಲ್ಲಿ ಪ್ರಕಟವಾದ ಐದು ಅಂಶಗಳ ಲೆಕ್ಕವೊಂದನ್ನು ಇಂದಿಗೂ ಬಳಸುತ್ತೇವೆ: ಮೂಲ ಗಡ್ಡೆಯ ಬಳಿಯ ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತೇ, ಮೂಲ ರೋಗಕ್ಕೂ ಯಕೃತ್ತಿನ ಗಡ್ಡೆಗೂ ನಡುವೆ ಒಂದು ವರ್ಷವಾದರೂ ಅಂತರವಿತ್ತೇ, ಗಡ್ಡೆ ಒಂದಕ್ಕಿಂತ ಹೆಚ್ಚೇ, ಐದು ಸೆಂಟಿಮೀಟರ್‌ಗಿಂತ ದೊಡ್ಡದೇ, ಈ ಕ್ಯಾನ್ಸರ್‌ನ ಸುಳಿವು ಕೊಡುವ ಸಿಇಎ ಎಂಬ ಪ್ರೋಟೀನಿನ ಮಟ್ಟ ರಕ್ತದಲ್ಲಿ 200 ಅನ್ನು ಮೀರಿದೆಯೇ. ನೀವು ಬರೆದದ್ದರ ಪ್ರಕಾರ ನಿಮ್ಮ ತಂದೆಯವರಿಗೆ ಎರಡು ಅಂಶಗಳು ಪ್ರತಿಕೂಲವಾಗಿವೆ, ಎರಡು ಅನುಕೂಲವಾಗಿವೆ. ಸಿಇಎ ಎಷ್ಟಿತ್ತೆಂದು ನೀವು ಬರೆದಿಲ್ಲ. ಗಡ್ಡೆಗಳು ಔಷಧಿಗೆ ಕುಗ್ಗಿರುವುದು ಇನ್ನೊಂದು ಒಳ್ಳೆಯ ಸೂಚನೆ. ಗಡ್ಡೆಯ ರಾಸ್ ಮತ್ತು ಬಿರಾಫ್ ಎಂಬ ಜೀನ್‌ಗಳ ಪರೀಕ್ಷೆಯಾಗಿದ್ದರೆ ಅದರ ವರದಿಯನ್ನೂ ಕೈಯಲ್ಲಿಟ್ಟುಕೊಳ್ಳಿ. ಇವೆಲ್ಲವೂ ರೋಗದ ಸ್ವಭಾವ. ಎಂಥ ಸರ್ಜನ್ ಆದರೂ ಇದನ್ನು ಬದಲಿಸಲಾರರು. ಬದಲಿಸಬಹುದಾದವು ಬೇರೆ ಇವೆ, ನಿಮ್ಮ ಪ್ರಶ್ನೆಯಿರುವುದು ಅವುಗಳ ಬಗ್ಗೆ.

ಅವುಗಳಲ್ಲಿ ಮೊದಲನೆಯದು, ಉಳಿಯುವ ಯಕೃತ್ತು ಎಷ್ಟು ಮತ್ತು ಎಂಥದು ಎಂಬುದು. ಆರೋಗ್ಯವಂತ ಯಕೃತ್ತಾದರೆ ಒಟ್ಟು ಗಾತ್ರದ ಶೇಕಡ 20ರಿಂದ 25ರಷ್ಟು ಉಳಿದರೂ ಮನುಷ್ಯ ಬದುಕುತ್ತಾನೆ. ಹಲವು ಸುತ್ತು ಕೀಮೋಥೆರಪಿ ಪಡೆದ ಯಕೃತ್ತಾದರೆ ಶೇಕಡ 30 ಬೇಕು, ಸಿರೋಸಿಸ್ ಆಗಿದ್ದರೆ, ಅಂದರೆ ಯಕೃತ್ತು ಗಾಯಗೊಂಡು ಗಟ್ಟಿಯಾಗಿದ್ದರೆ, 40. ಬಲ ಅರ್ಧ ಎಂದು ಬಾಯಿಮಾತಿಗೆ ಹೇಳುತ್ತೇವೆಯೇ ಹೊರತು ಅದು ಅರ್ಧವಲ್ಲ. ಬಹಳ ಜನರಲ್ಲಿ ಬಲಭಾಗವೇ ಒಟ್ಟಿನ ಶೇಕಡ 60ರಿಂದ 65 ಇರುತ್ತದೆ. ಅದನ್ನು ತೆಗೆದರೆ ಉಳಿಯುವುದು 35ರ ಆಸುಪಾಸು, ಅದರಲ್ಲಿ ಎಡಗಡೆಯ ಗಡ್ಡೆಗಾಗಿ ಇನ್ನೊಂದು ತುಣುಕನ್ನು ಕಳೆಯಬೇಕು. ಆರು ಸುತ್ತು ಔಷಧಿ ಕಂಡ ಯಕೃತ್ತಿಗೆ ಇದು ಗಡಿಯ ಅಂಚಿನಲ್ಲಿ ನಡೆದ ಹಾಗೆ. ಉಳಿದ ಭಾಗ ಸಾಲದೇ ಹೋದರೆ ಶಸ್ತ್ರಚಿಕಿತ್ಸೆಯ ಐದನೆಯ ದಿನದ ಹೊತ್ತಿಗೆ ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ರಕ್ತದಲ್ಲಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಯಕೃತ್ತಿನ ಶಸ್ತ್ರಚಿಕಿತ್ಸೆಯ ನಂತರ ಸಂಭವಿಸುವ ಸಾವುಗಳಲ್ಲಿ ದೊಡ್ಡ ಪಾಲು ಇದರದೇ.

ಯಕೃತ್ತು ಮತ್ತೆ ಬೆಳೆಯುತ್ತದಲ್ಲ, ಹೆಚ್ಚು ತೆಗೆದರೇನಂತೆ ಎಂದು ಕೇಳುವವರಿದ್ದಾರೆ. ಬೆಳೆಯುತ್ತದೆ, ನಿಜ, ಮೊದಲ ಕೆಲವು ವಾರಗಳಲ್ಲಿ ಅದು ಬೆಳೆಯುವ ವೇಗ ನೋಡಿದರೆ ಈಗಲೂ ನನಗೆ ಅಚ್ಚರಿಯಾಗುತ್ತದೆ. ಆದರೆ ಕತ್ತರಿಸಿದ ಭಾಗ ಮತ್ತೆ ಚಿಗುರುವುದಿಲ್ಲ, ಉಳಿದ ಭಾಗವೇ ಉಬ್ಬಿ ದೊಡ್ಡದಾಗುತ್ತದೆ. ಮೊದಲ ವಾರವನ್ನು ಆ ಸಣ್ಣ ಭಾಗವೇ ಒಂಟಿಯಾಗಿ ನಿಭಾಯಿಸಬೇಕು. ಅಲ್ಲದೆ ತೆಗೆದುಹಾಕಿದ ರಕ್ತನಾಳಗಳು ಮತ್ತು ಪಿತ್ತನಾಳಗಳು ಎಂದಿಗೂ ಮರಳುವುದಿಲ್ಲ.

ಕೀಮೋಥೆರಪಿಯ ಪರಿಣಾಮ ನಮಗೆ ಹೊಟ್ಟೆ ತೆರೆದ ಕೂಡಲೇ ಕಣ್ಣಿಗೆ ಕಾಣುತ್ತದೆ. ಸಾಮಾನ್ಯ ಯಕೃತ್ತು ಕಂದುಗೆಂಪು ಬಣ್ಣದ್ದು, ಅಂಚು ಚೂಪಾಗಿರುತ್ತದೆ, ಬೆರಳಿಗೆ ಮೃದುವಾಗಿ ಬಾಗುತ್ತದೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿಯನ್ನು ಹೆಚ್ಚು ಸುತ್ತು ಪಡೆದವರಲ್ಲಿ ಅದು ನೀಲಿ ಛಾಯೆಗೆ ತಿರುಗಿ, ಊದಿಕೊಂಡು, ಮುಟ್ಟಿದಲ್ಲಿ ಒಸರುತ್ತದೆ, ಏಕೆಂದರೆ ಒಳಗಿನ ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಂಡಿರುತ್ತವೆ. ಇರಿನೋಟೆಕಾನ್ ಎಂಬ ಇನ್ನೊಂದು ಔಷಧಿ ಪಡೆದವರಲ್ಲಿ, ಅದರಲ್ಲೂ ಮೈತೂಕ ಹೆಚ್ಚಿರುವವರಲ್ಲಿ, ಕೊಬ್ಬು ತುಂಬಿ ಹಳದಿಯಾಗಿ ಅಂಚು ದುಂಡಗಾಗಿರುತ್ತದೆ. ಇಂಥ ಯಕೃತ್ತನ್ನು ಕಂಡಾಗ ಕಡಿಮೆ ತೆಗೆಯುವ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಕೊನೆಯ ಸುತ್ತಿನ ನಂತರ ನಾಲ್ಕರಿಂದ ಆರು ವಾರ ಕಾಯುವುದು, ಕೀಮೋ ಜೊತೆ ಬೆವಾಸಿಜುಮ್ಯಾಬ್ ಎಂಬ ಔಷಧಿಯನ್ನೂ ಕೊಟ್ಟಿದ್ದರೆ ಗಾಯ ಮಾಯಲು ತೊಂದರೆಯಾಗದಂತೆ ಆರು ವಾರವಾದರೂ ಕಾಯುವುದು ಈ ಕಾರಣಕ್ಕೇ. ಆ ವಾರಗಳಲ್ಲಿ ಏನೂ ಮಾಡದೆ ಕೂತಿದ್ದಾರೆ ಎಂದು ನಿಮಗೆ ಅನ್ನಿಸಬಹುದು, ಯಕೃತ್ತು ಚೇತರಿಸಿಕೊಳ್ಳುತ್ತಿರುತ್ತದೆ. ಈ ಅವಧಿಯಲ್ಲಿ ಮದ್ಯವನ್ನಾಗಲಿ, ಯಕೃತ್ತನ್ನು ಬಲಪಡಿಸುತ್ತದೆ ಎಂದು ಯಾರೋ ಕೊಟ್ಟ ಪುಡಿ ಕಷಾಯಗಳನ್ನಾಗಲಿ ಒಳಗೆ ಬಿಡಬೇಡಿ.

ಎರಡನೆಯದು ಅಂಚಿನ ಪ್ರಶ್ನೆ, ನಿಮ್ಮನ್ನು ಹೆಚ್ಚು ಕಾಡಿರುವುದು ಇದೇ ಎಂದು ಕಾಣುತ್ತದೆ. ಗಡ್ಡೆಯ ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಅಂಗಾಂಶವೂ ಬರಬೇಕು, ಬರದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಡ ಎಂಬುದು ನಾನು ಕಲಿಯುವಾಗ ನಮಗೆ ಹೇಳಿಕೊಟ್ಟಿದ್ದ ನಿಯಮ. ನಂತರ ಬಂದ ದೊಡ್ಡ ಅಧ್ಯಯನಗಳು ಆ ನಿಯಮವನ್ನು ಸಡಿಲಿಸಿದವು. ಅಂಚಿನಲ್ಲಿ ಕ್ಯಾನ್ಸರ್ ಕಣ ಇಲ್ಲದಿರುವುದು ಮುಖ್ಯ. ಅದು ಹತ್ತು ಮಿಲಿಮೀಟರ್ ಇತ್ತೋ ಮೂರು ಇತ್ತೋ ಎಂಬುದು ಅಷ್ಟು ಮುಖ್ಯವಲ್ಲ. ಈಗ ಒಂದು ಮಿಲಿಮೀಟರ್ ಸ್ವಚ್ಛ ಅಂಚನ್ನು ಸಾಕಷ್ಟು ಎಂದು ಪರಿಗಣಿಸುತ್ತೇವೆ. ಅದಕ್ಕಿಂತ ಹೆಚ್ಚು ಸುಲಭವಾಗಿ ಸಿಗುವಲ್ಲಿ ಹೆಚ್ಚನ್ನೇ ತೆಗೆದುಕೊಳ್ಳುತ್ತೇವೆ, ಸಿಗದ ಕಡೆ ಅದಕ್ಕಾಗಿ ಅರ್ಧ ಯಕೃತ್ತನ್ನು ಬಲಿಕೊಡುವುದಿಲ್ಲ. ಯಕೃತ್ತನ್ನು ಕತ್ತರಿಸುವ ಅಲ್ಟ್ರಾಸಾನಿಕ್ ಉಪಕರಣ ತಾನು ಸಾಗಿದ ದಾರಿಯಲ್ಲಿ ಒಂದು ಪಟ್ಟಿಯಷ್ಟು ಅಂಗಾಂಶವನ್ನು ಪುಡಿಮಾಡಿ ಹೀರಿಬಿಡುತ್ತದೆ. ಆದ್ದರಿಂದ ಪ್ರಯೋಗಾಲಯದ ವರದಿಯಲ್ಲಿ ಕಾಣುವ ಅಂಚಿಗಿಂತ ನಿಜವಾದ ಅಂಚು ಸ್ವಲ್ಪ ಹೆಚ್ಚೇ ಇರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ವರದಿ ಕೈಗೆ ಬಂದಾಗ ಆ ಸಂಖ್ಯೆಯೊಂದನ್ನೇ ನೋಡಿ ಕುಸಿದುಹೋಗಬೇಡಿ.

ರಕ್ತನಾಳಕ್ಕೆ ತಾಗಿದ ಗಡ್ಡೆಯ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ತಾಗುವುದು ಬೇರೆ, ಒಳಹೊಗುವುದು ಬೇರೆ. ಕರುಳಿನಿಂದ ಬಂದ ಗಡ್ಡೆಗಳು ಅನೇಕ ಸಲ ದೊಡ್ಡ ರಕ್ತನಾಳವನ್ನು ತಳ್ಳಿಕೊಂಡು ಕೂತಿರುತ್ತವೆಯೇ ಹೊರತು ಅದರ ಗೋಡೆಯನ್ನು ತಿಂದಿರುವುದಿಲ್ಲ. ಹಾಗಿದ್ದಾಗ ರಕ್ತನಾಳದ ಗೋಡೆಗೆ ಅಂಟಿಕೊಂಡೇ ಗಡ್ಡೆಯನ್ನು ಬಿಡಿಸಿ, ನಾಳವನ್ನು ಉಳಿಸಬಹುದು. ಅಂಚು ಅಲ್ಲಿ ಶೂನ್ಯವೆಂದು ವರದಿಯಾದರೂ, ಹೀಗೆ ರಕ್ತನಾಳದಿಂದ ಬಿಡಿಸಿದ ಗಡ್ಡೆಗಳ ಫಲಿತಾಂಶ ಯಕೃತ್ತಿನ ಅಂಗಾಂಶದಲ್ಲೇ ಅಂಚು ತಪ್ಪಿದವುಗಳಿಗಿಂತ ಉತ್ತಮವಾಗಿರುವುದನ್ನು ಈ ವಿಧಾನವನ್ನು ಬೆಳೆಸಿದ ಕೇಂದ್ರಗಳು ತೋರಿಸಿವೆ. ಗೋಡೆಯನ್ನೇ ಹೊಕ್ಕಿದ್ದರೆ ನಾಳವನ್ನು ತೆಗೆಯಲೇಬೇಕು. ಆಗ ಆ ನಾಳ ಬಸಿಯುತ್ತಿದ್ದ ಭಾಗದ ರಕ್ತಕ್ಕೆ ಬೇರೆ ದಾರಿ ಇದೆಯೇ ನೋಡಬೇಕು. ಕೆಲವರಿಗೆ ಬಲಗಡೆಯಲ್ಲಿ ಕೆಳಗೊಂದು ಹೆಚ್ಚುವರಿ ನಾಳ ಹುಟ್ಟಿನಿಂದಲೇ ಇರುತ್ತದೆ. ಅದೊಂದು ಇದ್ದರೆ ಇಡೀ ಯೋಜನೆಯೇ ಬದಲಾಗುತ್ತದೆ. ತಾಗಿದೆಯೋ ಹೊಕ್ಕಿದೆಯೋ ಎಂಬುದನ್ನು ನಿಮ್ಮ ಸರ್ಜನ್ ಒಳ್ಳೆಯ ಗುಣಮಟ್ಟದ ಎಂಆರ್‌ಐ ನೋಡಿ ಬಹುಮಟ್ಟಿಗೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಯಕೃತ್ತಿನ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು ಖಚಿತವಾಗಿ ಹೇಳಬಲ್ಲರು.

ಆ ಅಲ್ಟ್ರಾಸೌಂಡ್ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳುತ್ತೇನೆ. ಅದಿಲ್ಲದೆ ಈ ಶಸ್ತ್ರಚಿಕಿತ್ಸೆ ಮಾಡುವುದು ನನ್ನ ಮಟ್ಟಿಗೆ ಕತ್ತಲೆಯಲ್ಲಿ ತಡಕಾಡಿದಂತೆ. ಬೆಂಕಿಪೆಟ್ಟಿಗೆಯಷ್ಟು ಸಣ್ಣ ಪ್ರೋಬನ್ನು ಯಕೃತ್ತಿನ ಮೇಲೆ ಜಾರಿಸುತ್ತ ಹೋದರೆ ಸ್ಕ್ಯಾನಿನಲ್ಲಿ ಕಾಣದಿದ್ದ ಅರ್ಧ ಸೆಂಟಿಮೀಟರಿನ ಗಡ್ಡೆಯೂ ಕೆಲವೊಮ್ಮೆ ಸಿಗುತ್ತದೆ. ಕೀಮೋಥೆರಪಿಯಿಂದ ಗಡ್ಡೆ ಮಾಯವಾಯಿತು ಎಂಬ ವರದಿ ಬಂದಾಗ ಮನೆಯವರು ಸಂತೋಷಪಡುತ್ತಾರೆ, ಸರ್ಜನ್‌ಗೆ ಮಾತ್ರ ಚಿಂತೆ ಹತ್ತುತ್ತದೆ. ಸ್ಕ್ಯಾನಿನಿಂದ ಮರೆಯಾದ ಗಡ್ಡೆಗಳಲ್ಲಿ ಬಹಳಷ್ಟರಲ್ಲಿ ಜೀವಂತ ಕಣಗಳು ಉಳಿದೇ ಇರುತ್ತವೆ. ಗಡ್ಡೆ ಎಲ್ಲಿತ್ತೆಂಬುದು ಗೊತ್ತಾಗದೆ ಅದನ್ನು ತೆಗೆಯುವುದು ಕಷ್ಟ. ಆದ್ದರಿಂದ ಗಡ್ಡೆಗಳು ಕುಗ್ಗಿವೆ, ಇನ್ನೂ ನಾಲ್ಕು ಸುತ್ತು ಕೊಟ್ಟು ಪೂರ್ತಿ ಕರಗಿಸಿಬಿಡೋಣ ಎಂದು ನೀವು ಒತ್ತಾಯಿಸಬೇಡಿ. ತೆಗೆಯಲು ಬರುವಂತಾದ ಕೂಡಲೇ ತೆಗೆಯುವುದು ಲೇಸು.

ಇನ್ನು ರಕ್ತ. ಯಕೃತ್ತಿನೊಳಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಹಿಂದಿನ ತಲೆಮಾರಿನ ಸರ್ಜನ್‌ಗಳು ಈ ಅಂಗಕ್ಕೆ ಹೆದರುತ್ತಿದ್ದುದು ಅದಕ್ಕೇ. ಒಳಬರುವ ರಕ್ತವನ್ನು ಯಕೃತ್ತಿನ ಬಾಗಿಲಲ್ಲೇ ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸುವ ಉಪಾಯವನ್ನು ಗ್ಲ್ಯಾಸ್ಗೋದ ಸರ್ಜನ್ ಜೇಮ್ಸ್ ಹೊಗಾರ್ತ್ ಪ್ರಿಂಗಲ್ 1908ರಲ್ಲಿ ಪ್ರಕಟಿಸಿದರು. ಇಂದಿಗೂ ನಾವು ಹದಿನೈದು ನಿಮಿಷ ಹಿಡಿದು, ಐದು ನಿಮಿಷ ಬಿಟ್ಟು, ಮತ್ತೆ ಹಿಡಿದು ಕೆಲಸ ಮಾಡುತ್ತೇವೆ. ಹೊರಹೋಗುವ ನಾಳಗಳಿಗೆ ಕವಾಟಗಳಿಲ್ಲದ ಕಾರಣ ಹೃದಯದ ಕಡೆಯ ಒತ್ತಡ ಹೆಚ್ಚಿದ್ದರೆ ರಕ್ತ ಹಿಂದಕ್ಕೆ ಉಕ್ಕುತ್ತದೆ. ಅದನ್ನು ತಡೆಯುವುದು ಅರಿವಳಿಕೆ ತಜ್ಞರ ಕೈಯಲ್ಲಿದೆ: ಕತ್ತರಿಸುವ ಹಂತ ಮುಗಿಯುವವರೆಗೆ ಡ್ರಿಪ್ ಮಿತವಾಗಿ ಕೊಟ್ಟು ಸಿರೆಗಳ ಒತ್ತಡವನ್ನು ಕೆಳಗಿಟ್ಟಿರುತ್ತಾರೆ. ಯಕೃತ್ತಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆಯಿತೆಂದು ಸರ್ಜನ್‌ಗೆ ಕೃತಜ್ಞತೆ ಹೇಳುವಾಗ ಜನ ಮರೆಯುವ ವ್ಯಕ್ತಿ ಇವರೇ. ರಕ್ತ ಏರಿಸಿದರೆ ರೋಗಿಗೆ ಬಲ ಬರುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಹೆಚ್ಚು ರಕ್ತ ಕಳೆದುಕೊಂಡು ಹೆಚ್ಚು ರಕ್ತ ಪಡೆದವರಲ್ಲಿ ಸೋಂಕು ಮತ್ತು ಇತರ ತೊಡಕುಗಳು ಹೆಚ್ಚು. ಅಂಥವರ ಶಸ್ತ್ರಚಿಕಿತ್ಸೆ ಮೊದಲೇ ಕಠಿಣವಾಗಿದ್ದುದು ಅದಕ್ಕೆ ಒಂದು ಭಾಗದ ಕಾರಣ, ಆದರೆ ಏರಿಸಿದ ರಕ್ತದ ಪಾಲೂ ಇದೆ ಎಂಬ ಅನುಮಾನ ಬಲವಾಗಿದೆ. ನಿಮ್ಮ ಆಸ್ಪತ್ರೆ ಹೇಳಿದಷ್ಟು ರಕ್ತವನ್ನು ಹೊಂದಿಸಿಡಿ, ಬಳಸದೇ ಹೋದರೆ ಅದು ಶುಭ ಸುದ್ದಿ. ಈಗ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಕಬ್ಬಿಣಾಂಶ ಕೊಟ್ಟು ಸರಿಪಡಿಸಿಕೊಳ್ಳಲು ಈ ಕಾಯುವ ವಾರಗಳೇ ಸರಿಯಾದ ಸಮಯ.

ಕತ್ತರಿಸಿದ ಮೇಲ್ಮೈಯಿಂದ ಪಿತ್ತರಸ ಸೋರುವುದು ಮತ್ತೊಂದು ತೊಡಕು. ಗಡ್ಡೆ ಹೊರಬಂದ ಮೇಲೆ ಕತ್ತರಿಸಿದ ಜಾಗದ ಮೇಲೆ ಬಿಳಿಯ ಗಾಜ್ ಬಟ್ಟೆಯೊಂದನ್ನು ಹಾಸಿ, ಕೆಲವು ನಿಮಿಷ ಸುಮ್ಮನೆ ನಿಲ್ಲುತ್ತೇವೆ. ತೆಗೆದು ನೋಡಿದಾಗ ಬಟ್ಟೆಯ ಮೇಲೆ ಸಾಸಿವೆಯಷ್ಟು ಹಳದಿ ಕಲೆ ಕಂಡರೂ ಆ ಜಾಗ ಹುಡುಕಿ ಒಂದು ಹೊಲಿಗೆ ಹಾಕುತ್ತೇವೆ. ಆ ಕೆಲವು ನಿಮಿಷಗಳ ತಾಳ್ಮೆ ಮುಂದಿನ ಮೂರು ವಾರಗಳ ಜ್ವರವನ್ನು ತಪ್ಪಿಸುತ್ತದೆ. ತೊಡಕುಗಳು ಆ ಹೊತ್ತಿನ ಕಷ್ಟವಷ್ಟೇ ಅಲ್ಲ. ಸೋಂಕು ಅಥವಾ ಸೋರಿಕೆಯಿಂದ ಹಾಸಿಗೆ ಹಿಡಿದವರಿಗೆ ಮುಂದಿನ ಕೀಮೋಥೆರಪಿ ತಡವಾಗುತ್ತದೆ, ದೀರ್ಘಕಾಲದ ಫಲಿತಾಂಶವೂ ಕುಗ್ಗುತ್ತದೆ. ಈ ಶಸ್ತ್ರಚಿಕಿತ್ಸೆಯನ್ನು ಪದೇ ಪದೇ ಮಾಡುವ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ಒಂದೆರಡರಿಂದ ಮೂರರೊಳಗಿದೆ. ಅಲ್ಲಿಯೂ ತೊಡಕುಗಳು ಬರುತ್ತವೆ, ಆದರೆ ರಾತ್ರಿ ಎರಡು ಗಂಟೆಗೆ ಅವನ್ನು ಗುರುತಿಸಿ ಸರಿಪಡಿಸುವ ತಂಡ ಅಲ್ಲಿರುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಬಲ ಅರ್ಧವನ್ನು ತೆಗೆಯುವುದಾದರೆ ಮೊದಲು ಬಲಭಾಗಕ್ಕೆ ಹೋಗುವ ಪೋರ್ಟಲ್ ನಾಳವನ್ನು ಸೂಜಿಯ ಮೂಲಕ ಮುಚ್ಚಿ, ನಾಲ್ಕರಿಂದ ಆರು ವಾರದಲ್ಲಿ ಎಡಭಾಗ ದೊಡ್ಡದಾದ ಮೇಲೆ ಶಸ್ತ್ರಚಿಕಿತ್ಸೆ ಮಾಡುವುದು ಸುರಕ್ಷಿತ. ಅಂಚು ಧಾರಾಳವಾಗಿ ಸಿಗುತ್ತದೆ, ಆದರೆ ಕಾಯುವಾಗ ಗಡ್ಡೆಯೂ ಬೆಳೆಯಬಹುದು, ಯಕೃತ್ತು ಸೋಲುವ ಅಪಾಯವೂ ಇದರಲ್ಲೇ ಹೆಚ್ಚು. ಗಡ್ಡೆಗಳನ್ನಷ್ಟೇ ತೆಗೆಯುವುದಾದರೆ ಚೇತರಿಕೆ ಬೇಗ, ಯಕೃತ್ತು ಬಹುಪಾಲು ಉಳಿಯುತ್ತದೆ. ರಕ್ತನಾಳದ ಬಳಿಯ ಕೆಲಸ ಮಾತ್ರ ಹೆಚ್ಚು ನುರಿತ ಕೈಯನ್ನು ಬೇಡುತ್ತದೆ, ಅಂಚು ಅಲ್ಲಿ ತೆಳುವಾಗುತ್ತದೆ. ಎಡಗಡೆಯ ಸಣ್ಣ ಗಡ್ಡೆ ಆಳದಲ್ಲಿದ್ದರೆ ಅದನ್ನು ಕತ್ತರಿಸುವ ಬದಲು ಮೈಕ್ರೊವೇವ್ ಸೂಜಿಯಿಂದ ಸುಟ್ಟುಹಾಕಬಹುದು. ಮೂರು ಸೆಂಟಿಮೀಟರ್‌ವರೆಗಿನ ಗಡ್ಡೆಗಳಲ್ಲಿ ಇದು ಶಸ್ತ್ರಚಿಕಿತ್ಸೆಗೆ ಕಡಿಮೆಯಿಲ್ಲ ಎಂದು ಈಚಿನ ಪ್ರಯೋಗವೊಂದು ತೋರಿಸಿದೆ. ದೊಡ್ಡ ರಕ್ತನಾಳದ ಪಕ್ಕದ ಗಡ್ಡೆಗೆ ಮಾತ್ರ ಇದು ಅಷ್ಟು ನಂಬಿಕೆಯದಲ್ಲ, ಹರಿಯುವ ರಕ್ತ ಶಾಖವನ್ನು ಒಯ್ದುಬಿಡುತ್ತದೆ. ಶಸ್ತ್ರಚಿಕಿತ್ಸೆಯೇ ಬೇಡ, ಔಷಧಿಯಲ್ಲೇ ಇರುತ್ತೇವೆ ಎಂಬುದೂ ಒಂದು ದಾರಿಯೇ, ಆದರೆ ಗುಣವಾಗುವ ಅವಕಾಶವನ್ನು ಅದರಲ್ಲಿ ಬಹುತೇಕ ಬಿಟ್ಟುಕೊಟ್ಟಂತೆ.

ಸಣ್ಣ ರಂಧ್ರಗಳ ಮೂಲಕ ಮಾಡುವುದನ್ನು ಕುರಿತು ನಾರ್ವೆಯ ಓಸ್ಲೋದಲ್ಲಿ 280 ರೋಗಿಗಳ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ 31 ಮಂದಿಗೆ ತೊಡಕುಗಳಾದರೆ ಲ್ಯಾಪರೊಸ್ಕೋಪಿಯಲ್ಲಿ 19 ಮಂದಿಗೆ ಆದವು. ಅಂಚಿನಲ್ಲಿ ವ್ಯತ್ಯಾಸವಿರಲಿಲ್ಲ, ಮುಂದೆ ಗಮನಿಸಿದಾಗ ಬದುಕುಳಿಯುವಿಕೆಯಲ್ಲೂ ಇರಲಿಲ್ಲ. ಆದ್ದರಿಂದ ಅದು ಅರ್ಧಂಬರ್ಧ ಶಸ್ತ್ರಚಿಕಿತ್ಸೆಯಲ್ಲ. ಆದರೆ ನಿಮ್ಮ ತಂದೆಯವರ ದೊಡ್ಡ ಗಡ್ಡೆಯ ಜಾಗ ಸುಲಭದ್ದಲ್ಲ. ಸರ್ಜನ್‌ಗೆ ಅಲ್ಲಿ ತೆರೆದು ಮಾಡುವುದೇ ನೆಮ್ಮದಿ ಎಂದಾದರೆ ಗಾಯದ ಉದ್ದಕ್ಕಾಗಿ ಅವರನ್ನು ಒತ್ತಾಯಿಸಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಗಡ್ಡೆ ರಕ್ತನಾಳಕ್ಕೆ ತಾಗಿದೆಯಷ್ಟೇ ಎಂದಾದರೆ ನಾನು ಎರಡನೆಯ ಸರ್ಜನ್ ಕಡೆ. ಅದಕ್ಕೊಂದು ಕಾರಣವಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಎರಡೇ ಸಣ್ಣ ಗಡ್ಡೆಗಳಿದ್ದ ರೋಗಿಯೊಬ್ಬರಿಗೆ ನಾನು ಬಲ ಅರ್ಧವನ್ನು ತೆಗೆದೆ. ಅಂಚು ಎರಡು ಸೆಂಟಿಮೀಟರ್ ಬಂದಿತ್ತು, ವರದಿ ನೋಡಿ ಹೆಮ್ಮೆಪಟ್ಟಿದ್ದೆ. ಒಂದೂವರೆ ವರ್ಷದ ನಂತರ ಉಳಿದ ಎಡಭಾಗದ ನಟ್ಟನಡುವೆ, ಇದ್ದ ಒಂದೇ ಪೋರ್ಟಲ್ ನಾಳದ ಬುಡದಲ್ಲಿ ಒಂದು ಗಡ್ಡೆ ಬಂತು. ಮೊದಲ ಸಲ ಬಲಗಡೆಯ ಒಳ್ಳೆಯ ಭಾಗವನ್ನು ಉಳಿಸಿದ್ದರೆ ಈಗ ಎಡಭಾಗವನ್ನು ತೆಗೆಯಬಹುದಾಗಿತ್ತು. ತೆಗೆಯಲು ನನ್ನ ಬಳಿ ಏನೂ ಉಳಿದಿರಲಿಲ್ಲ, ಅದನ್ನು ಅವರ ಎದುರು ಕೂತು ಹೇಳಬೇಕಾಯಿತು. ಮರಳಿ ಬಂದ ಗಡ್ಡೆಯನ್ನು ಎರಡನೆಯ ಸಲ ತೆಗೆಯಲು ಸಾಧ್ಯವಾದವರ ಬದುಕುಳಿಯುವ ಪ್ರಮಾಣ ಮೊದಲ ಸಲದವರಿಗೆ ಹೆಚ್ಚುಕಡಿಮೆ ಸಮನಾಗಿದೆ. ಆ ಎರಡನೆಯ ಅವಕಾಶವಿರುವುದು ಮೊದಲನೆಯ ಶಸ್ತ್ರಚಿಕಿತ್ಸೆಯಲ್ಲಿ ಉಳಿಸಿದ ಯಕೃತ್ತಿನಲ್ಲಿ.

ಮುಂದಿನ ಭೇಟಿಯಲ್ಲಿ ಇಬ್ಬರನ್ನೂ ಇವಿಷ್ಟನ್ನು ಕೇಳಿ: ನಿಮ್ಮ ಯೋಜನೆಯಂತೆ ಮಾಡಿದರೆ ಶೇಕಡ ಎಷ್ಟು ಯಕೃತ್ತು ಉಳಿಯುತ್ತದೆ, ಅದನ್ನು ಸ್ಕ್ಯಾನಿನಲ್ಲಿ ಅಳೆದಿದ್ದೀರಾ? ಗಡ್ಡೆ ರಕ್ತನಾಳಕ್ಕೆ ತಾಗಿದೆಯೇ, ಹೊಕ್ಕಿದೆಯೇ? ಕೀಮೋಥೆರಪಿ ಶುರುವಾಗುವ ಮೊದಲಿನ ಸ್ಕ್ಯಾನನ್ನು ಎದುರಿಗಿಟ್ಟುಕೊಂಡು ಯೋಜಿಸಿದ್ದೀರಾ? ಒಳಗೆ ಅಲ್ಟ್ರಾಸೌಂಡ್ ಬಳಸುತ್ತೀರಾ? ಮತ್ತೆ ಗಡ್ಡೆ ಬಂದರೆ ಮುಂದೇನು ಮಾಡಲು ಸಾಧ್ಯ? 63 ವರ್ಷ ಅಡ್ಡಿಯಲ್ಲ. ದಿನವೂ ನಡೆಯುವ, ಮಹಡಿ ಹತ್ತಬಲ್ಲ ಎಪ್ಪತ್ತೈದರವರಿಗೂ ನಾವು ಈ ಶಸ್ತ್ರಚಿಕಿತ್ಸೆ ಮಾಡುತ್ತೇವೆ. ಮೊದಲನೆಯ ಸರ್ಜನ್ ಅಳತೆ ಮಾಡಿ, ನಾಳದ ಗೋಡೆ ಕೆಟ್ಟಿರುವುದನ್ನು ತೋರಿಸಿ, ಉಳಿಯುವ ಭಾಗ ಸಾಕಾಗುತ್ತದೆ ಎಂದು ವಿವರಿಸಿದರೆ ನಾನೂ ಅವರ ಮಾತನ್ನೇ ಒಪ್ಪುತ್ತೇನೆ.

ಶಸ್ತ್ರಚಿಕಿತ್ಸೆಯ ನಂತರ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ ಮತ್ತು ಸ್ಕ್ಯಾನ್ ಮಾಡಿಸಬೇಕಾಗುತ್ತದೆ, ಏಕೆಂದರೆ ಮರುಕಳಿಸುವಿಕೆ ಹೆಚ್ಚಾಗಿ ಆ ಅವಧಿಯಲ್ಲೇ ಕಾಣುತ್ತದೆ. ಚೆನ್ನಾಗಿದ್ದಾರಲ್ಲ, ಈ ಸಲದ ಸ್ಕ್ಯಾನ್ ಬಿಡೋಣ ಎಂದು ಮುಂದೂಡಬೇಡಿ. ಒಂದೂವರೆ ಸೆಂಟಿಮೀಟರ್ ಇರುವಾಗ ಸಿಕ್ಕ ಗಡ್ಡೆಗೆ ನಮ್ಮ ಬಳಿ ಎರಡು ಮೂರು ದಾರಿಗಳಿರುತ್ತವೆ, ಆರು ಸೆಂಟಿಮೀಟರ್ ಆದ ಮೇಲೆ ಸಿಕ್ಕರೆ ಬಹಳ ಸಲ ಒಂದೂ ಇರುವುದಿಲ್ಲ.